ರೈಲು ನಿಂತಿದ್ದು ಜಂಕ್ಷನ್‌ನಲ್ಲಿ, ತೊಂದರೆ ಇದ್ದದ್ದು ಸ್ಟೇಷನ್‌ನಲ್ಲಿ: ಒಂದು ಫ್ಯಾಕ್ಟೋರಿಯೋ ರಿಪೇರಿ ಲಾಗ್

ಅದಿರು ಕರಗಿಸುವ ಕುಲುಮೆಗಳೆಲ್ಲ ಖಾಲಿ. ಗಣಿಯಲ್ಲಿ ಪೆಟ್ಟಿಗೆಗಳು ತುಂಬಿ ತುಳುಕುತ್ತಿವೆ. ನಡುವೆ ನಾಲ್ಕು ದಾರಿ ಕೂಡುವ ಜಂಕ್ಷನ್‌ನಲ್ಲಿ ನಾಲ್ಕು ರೈಲು ಒಂದರ ಬಾಲಕ್ಕೆ ಒಂದು ಮುಖವಿಟ್ಟು ನಿಂತಿವೆ. ಅವುಗಳ ಹಿಂದೆ ಉಳಿದವು ಸಾಲುಗಟ್ಟಿವೆ. ಇದೆಲ್ಲ ಫ್ಯಾಕ್ಟೋರಿಯೋ ಅನ್ನುವ, ಕಾರ್ಖಾನೆ ಕಟ್ಟುವ ಕಂಪ್ಯೂಟರ್ ಆಟದೊಳಗಿನ ಕಥೆ. ಈ ಗಂಟು ಬಿಡಿಸಿದ ಕೆಲಸದ ಟಿಪ್ಪಣಿ ಇದು. ಸಿಗ್ನಲ್ ಪಾಠ ಬೇಕಾದವರಿಗೆ ಆಟದ ಒಳಗೇ ಚೆನ್ನಾಗಿದೆ, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಮೊದಲು ಬೇಸ್ ಹೇಗಿತ್ತು ಅಂತ. ಆಟ ಫ್ಯಾಕ್ಟೋರಿಯೋ 2.0. ಮಾಡ್ ಇಲ್ಲ, ಸ್ಪೇಸ್ ಏಜ್ ಅನ್ನುವ ವಿಸ್ತರಣೆಯೂ ಇಲ್ಲ. ಹಾಗಾಗಿ ಕಂಬದ ಮೇಲೆ ಹೋಗುವ ಹಳಿಯ ಸೌಲಭ್ಯವೂ ಇಲ್ಲ. ಎಲ್ಲ ನೆಲದ ಮೇಲೇ ದಾಟಬೇಕು. ಜೋಡಿ ಹಳಿ, ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ಪ್ರತಿ ರೈಲಿಗೆ 1 ಇಂಜಿನ್, 4 ಬೋಗಿ. ಕಬ್ಬಿಣದ ಗಣಿ 3, ಅದಿರು ಇಳಿಸುವ ಪ್ಲಾಟ್‌ಫಾರ್ಮ್ 4, ಕಬ್ಬಿಣದ ಅದಿರಿಗೆ ಅಂತಲೇ 16 ರೈಲು. ತಾಮ್ರದ ರೈಲುಗಳೂ ಇದೇ ಹಳಿಯ ಮೇಲೆ ಓಡುತ್ತವೆ.

ಹಂತ 1: ಮೊದಲು ಗಂಟು ಬಿಡಿಸುವುದು

ಸಿಗ್ನಲ್ ಸರಿ ಮಾಡಿದ ಮಾತ್ರಕ್ಕೆ ಸಿಕ್ಕಿಬಿದ್ದ ರೈಲು ತಾನಾಗಿ ಹೊರಗೆ ಬರುವುದಿಲ್ಲ. ಇಂಜಿನ್ ಹತ್ತಿ, ಆಟೋಮ್ಯಾಟಿಕ್‌ನಿಂದ ಮ್ಯಾನ್ಯುಯಲ್‌ಗೆ ಬದಲಿಸಿ, ಹಿಂದೆ ತೆಗೆಯಬೇಕು. ಹಿಂದೆ ಇನ್ನೊಂದು ರೈಲು ಇದ್ದರೆ ಅದನ್ನು ಮೊದಲು ತೆಗೆಯಬೇಕು. ಮ್ಯಾನ್ಯುಯಲ್‌ನಲ್ಲಿ ಸಿಗ್ನಲ್ ಯಾವುದೂ ಲೆಕ್ಕಕ್ಕಿಲ್ಲ, ಡಿಕ್ಕಿ ಹೊಡೆಯುವುದು ಸುಲಭ. ನಾನು ಸಾಲಿನ ಕೊನೆಯಿಂದ ಶುರು ಮಾಡಿ ಒಂದೊಂದನ್ನೇ ಹಿಂದಕ್ಕೆ ಸರಿಸಿ, ಜಂಕ್ಷನ್ ಪೂರ್ತಿ ಖಾಲಿ ಮಾಡಿದೆ. ಎಲ್ಲವನ್ನೂ ಮ್ಯಾನ್ಯುಯಲ್‌ನಲ್ಲೇ ಬಿಟ್ಟು ಕೆಲಸಕ್ಕೆ ಇಳಿದೆ. ಹಳಿಯ ಮೇಲೆ ನಿಂತು ಕೆಲಸ ಮಾಡುವಾಗ ಒಂದೇ ಒಂದು ರೈಲು ಓಡುತ್ತಿದ್ದರೂ ಸಾಕು, ಆಮೇಲೆ ನಿಮ್ಮ ಹೆಣದ ಹತ್ತಿರ ಸಾಮಾನು ಹುಡುಕಿಕೊಂಡು ಬರಬೇಕಾಗುತ್ತದೆ.

ಹಂತ 2: ಅಳತೆ

ಇಂಜಿನ್ ಆಗಲಿ ಬೋಗಿ ಆಗಲಿ 6 ಟೈಲ್ (ಟೈಲ್ ಅಂದರೆ ಆಟದ ನೆಲದ ಒಂದು ಚೌಕ) ಉದ್ದ, ಎರಡರ ನಡುವೆ 1 ಟೈಲ್ ಸಂದು. ಐದು ಸೇರಿದರೆ 34 ಟೈಲ್. ಹಳಿ ಎರಡೆರಡು ಟೈಲ್ ಲೆಕ್ಕದಲ್ಲಿ ಕೂರುವುದರಿಂದ 36 ಅಂತ ಇಟ್ಟುಕೊಂಡೆ. ಮುಂದೆ ಎಲ್ಲ ಕಡೆ ಇದೇ ಅಳತೆ.

ಕೈಯಲ್ಲಿ ಒಂದು ಸಿಗ್ನಲ್ ಹಿಡಿದರೆ ಬ್ಲಾಕ್‌ಗಳು, ಅಂದರೆ ಸಿಗ್ನಲ್‌ಗಳ ನಡುವಿನ ಹಳಿಯ ತುಂಡುಗಳು, ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತವೆ. ಹಾಗೆ ಹಿಡಿದು ಜಂಕ್ಷನ್ ಸುತ್ತ ನೋಡಿದಾಗ ಎರಡು ದೋಷ ಕಂಡವು. ಒಂದು, ಜಂಕ್ಷನ್ ಒಳಗೆ ಎರಡು ಕಡೆ ಚೈನ್ ಸಿಗ್ನಲ್ ಇರಬೇಕಾದಲ್ಲಿ ಸಾದಾ ರೈಲ್ ಸಿಗ್ನಲ್ ಕೂತಿತ್ತು. ಸಾದಾ ಸಿಗ್ನಲ್ ನೋಡುವುದು ಮುಂದಿನ ಬ್ಲಾಕ್ ಖಾಲಿಯೇ ಅಂತ ಮಾತ್ರ, ಚೈನ್ ಅದರಾಚೆಯ ಸಿಗ್ನಲ್ಲನ್ನೂ ನೋಡಿ ರೈಲು ಬಿಡುತ್ತದೆ. ರೈಲು ಒಳಗೆ ಬಂದು ನಡುವಲ್ಲೇ ನಿಲ್ಲುವುದಕ್ಕೆ ಅಷ್ಟೇ ಸಾಕು. ಎರಡು, ಪೂರ್ವದ ಕಡೆ ಹೊರಬಿದ್ದ ಮೇಲೆ ಮುಂದಿನ ಸಿಗ್ನಲ್ 20 ಟೈಲ್ ದೂರದಲ್ಲೇ ಇತ್ತು. 34 ಟೈಲ್ ರೈಲು ಆ ಸಿಗ್ನಲ್ ಮುಂದೆ ನಿಂತರೆ 14 ಟೈಲ್ ಬಾಲ ಜಂಕ್ಷನ್ ಒಳಗೇ ಉಳಿಯುತ್ತದೆ.

ಹಂತ 3: ಜಂಕ್ಷನ್ ಸಿಗ್ನಲ್

ಒಳಗೆ ಹೋಗುವ ನಾಲ್ಕೂ ಬಾಯಿಗೆ ಚೈನ್. ಒಳಗಿನದೆಲ್ಲ ಚೈನ್. ಹೊರಬೀಳುವ ನಾಲ್ಕು ಕಡೆ ಮಾತ್ರ ರೈಲ್ ಸಿಗ್ನಲ್. ಹೊರಬಿದ್ದ ಮೇಲೆ 36 ಟೈಲ್‌ವರೆಗೆ ಇನ್ನೊಂದು ಸಿಗ್ನಲ್ ಇಲ್ಲ.

ಒಳಗೆ ಚೈನ್ ಹಾಕುವಾಗ ಬ್ಲಾಕ್ ತುಂಡು ಮಾಡುವುದೂ ಮುಖ್ಯ. ಇಡೀ ಜಂಕ್ಷನ್ ಒಂದೇ ಬ್ಲಾಕ್ ಆಗಿದ್ದರೆ ಒಂದು ಸಲಕ್ಕೆ ಒಂದೇ ರೈಲು ದಾಟುತ್ತದೆ. ಹಳಿ ಒಂದನ್ನೊಂದು ಕತ್ತರಿಸುವ ಜಾಗದ ಹಿಂದೆ ಮುಂದೆ ಚೈನ್ ಇಟ್ಟರೆ, ಪೂರ್ವಕ್ಕೆ ಹೋಗುವ ರೈಲೂ ಪಶ್ಚಿಮಕ್ಕೆ ಹೋಗುವ ರೈಲೂ ಒಟ್ಟಿಗೇ ದಾಟುತ್ತವೆ.

ಇಲ್ಲೊಂದು ಕಿರಿಕಿರಿ. ಈ ಬೇಸ್ ಶುರುವಾದದ್ದು 1.1ರಲ್ಲಿ. 2024ರ ಅಕ್ಟೋಬರ್‌ನಲ್ಲಿ 2.0 ಬಂದಾಗ ತಿರುವು ಹಳಿಯ ಆಕಾರವೇ ಬದಲಾಯಿತು. ಹಳೆಯ ತಿರುವುಗಳು ಓಡುತ್ತವೆ, ಆದರೆ ಹೊಸ ತಿರುವಿನ ಜೊತೆ ಸಾಲು ಕೂಡುವುದಿಲ್ಲ. ತೇಪೆ ಹಾಕಲು ನೋಡಿ ಸುಮ್ನೆ ಸಮಯ ಹೋಯಿತು. ಕೊನೆಗೆ ಪೂರ್ತಿ ಕಿತ್ತು ಹೊಸದಾಗಿ ಹಾಕಿದೆ. ಕಟ್ಟುವ ರೋಬೋಟ್‌ಗಳಿದ್ದರೆ ಕೀಳುವುದೇ ವಾಸಿ.

ಖರ್ಚು ದೊಡ್ಡದಲ್ಲ. ಸಿಗ್ನಲ್ ಒಂದಕ್ಕೆ, ಯಾವ ಬಗೆಯದಾದರೂ, 1 ಹಸಿರು ಸರ್ಕ್ಯೂಟ್, 5 ಕಬ್ಬಿಣದ ತಗಡು. ಹಳಿಗೆ 1 ಕಲ್ಲು, 1 ಉಕ್ಕು, 1 ಕಬ್ಬಿಣದ ಕಡ್ಡಿ ಕೊಟ್ಟರೆ 2 ಬರುತ್ತದೆ.

ಫಲಿತಾಂಶ: ಜಂಕ್ಷನ್ ಒಳಗೆ ಮತ್ತೆ ಯಾವ ರೈಲೂ ನಿಲ್ಲಲಿಲ್ಲ. ಜಂಕ್ಷನ್ ಹೊರಗೆ ನಿಂತವು! ಪೂರ್ವದ ಹಳಿ ತುಂಬಿದ್ದರಿಂದ ಪೂರ್ವಕ್ಕೆ ಹೋಗಬೇಕಾದ ರೈಲು ಬಾಯಲ್ಲೇ ಕಾಯುತ್ತದೆ. ಅದರ ಹಿಂದೆ ಉತ್ತರಕ್ಕೆ ಹೋಗಬೇಕಾದ ತಾಮ್ರದ ರೈಲು ಏನೂ ಕಾರಣವಿಲ್ಲದೆ ಕಾಯುತ್ತದೆ. ಗಂಟು ಹೋಯಿತು, ಸಾಲು ಉಳಿಯಿತು. ಚೈನ್ ಸಿಗ್ನಲ್ ಮಾಡುವುದೇ ಇಷ್ಟು. ಜಾಗ ಇಲ್ಲದ ಕಡೆ ರೈಲನ್ನು ಬಿಡುವುದಿಲ್ಲ. ಜಾಗ ಹುಟ್ಟಿಸುವ ಕೆಲಸ ಅದರದ್ದಲ್ಲ.

ಹಂತ 4: ರೌಂಡ್‌ಅಬೌಟ್, ಹಾಕಿದ್ದು, ಕಿತ್ತದ್ದು

ಸಾಲು ಕರಗಲಿ ಅಂತ ಪೂರ್ವದ ಹಳಿಯಲ್ಲಿ ಒಂದು ಸುತ್ತುಹಳಿ ಹಾಕಿ ನೋಡಿದೆ. ಬೇಕಾದ ರೈಲು ಅಲ್ಲೇ ತಿರುಗಿ ವಾಪಸ್ ಹೋಗಬಹುದು ಎನ್ನುವ ಯೋಚನೆ. ರೈಲುಗಳೇನೋ ತಿರುಗಿದವು, ಆದರೆ ನನಗೆ ಬೇಡದ ಕಡೆ. ದಾರಿ ಹುಡುಕುವ ಲೆಕ್ಕದಲ್ಲಿ ಮುಂದೆ ನಿಂತ ರೈಲಿಗೂ ದಂಡ ಇದೆ, ಅಂದರೆ ಆ ದಾರಿ ಇರುವುದಕ್ಕಿಂತ ಉದ್ದ ಅಂತ ಎಣಿಕೆಯಾಗುತ್ತದೆ. ಅದನ್ನು ತಪ್ಪಿಸಲು ಕೆಲವು ರೈಲು ಸುತ್ತುಹಳಿಯಲ್ಲಿ ತಿರುಗಿ, ಜಂಕ್ಷನ್ ಇನ್ನೊಮ್ಮೆ ದಾಟಿ, ಬೇರೆ ದಾರಿಯಿಂದ ಅದೇ ಸ್ಟೇಷನ್‌ಗೆ ಬರಲು ಹೊರಟವು. ಜಂಕ್ಷನ್ ಮೇಲಿನ ಹೊರೆ ಇನ್ನೂ ಜಾಸ್ತಿ ಆಯಿತು. ಕಿತ್ತು ಹಾಕಿದೆ.

ಹಂತ 5: ಎಷ್ಟು ರೈಲು ಬೇಕು ಅನ್ನುವ ಲೆಕ್ಕ

ಇದನ್ನು ಮೊದಲೇ ಮಾಡಬೇಕಿತ್ತು. ಕುಲುಮೆಗೆ ಅದಿರು ಕಡಿಮೆ ಆದಾಗಲೆಲ್ಲ ಇನ್ನೊಂದು ರೈಲು ಸೇರಿಸುತ್ತಾ ಹೋಗಿ ಸಂಖ್ಯೆ 16 ಆಗಿತ್ತು. ಲೆಕ್ಕ ಹೀಗಿದೆ.

ಬೋಗಿಯಲ್ಲಿ 40 ಖಾನೆ, ಖಾನೆಗೆ 50 ಅದಿರು. ಬೋಗಿಗೆ 2000, ರೈಲಿಗೆ 8000. ಪ್ರತಿ ಪ್ಲಾಟ್‌ಫಾರ್ಮ್‌ನಿಂದ ಹೊರಡುವುದು ಒಂದು ಕೆಂಪು ಬೆಲ್ಟ್, ಸೆಕೆಂಡಿಗೆ 30. ಒಂದು ಕೆಂಪು ಬೆಲ್ಟ್ ಅದಿರನ್ನು ಮುಗಿಸಲು 48 ಉಕ್ಕಿನ ಕುಲುಮೆ ಬೇಕು. ಅಷ್ಟು ಇವೆ, ಸರಿ. ನಾಲ್ಕು ಬೆಲ್ಟ್ ಸೇರಿ ಸೆಕೆಂಡಿಗೆ 120 ಅದಿರು. 8000 ಭಾಗಿಸು 120 ಅಂದರೆ ಸುಮಾರು 67 ಸೆಕೆಂಡ್. ಅಂದರೆ ಎಲ್ಲ ಕುಲುಮೆ ಪೂರ್ತಿ ಉರಿಯುವಾಗಲೂ 67 ಸೆಕೆಂಡಿಗೆ ಒಂದು ರೈಲು ಬಂದರೆ ಸಾಕು.

ದೂರದ ಗಣಿಯಿಂದ ತುಂಬಿಕೊಂಡು ಬಂದು ಇಳಿಸಿ ಮತ್ತೆ ಹೋಗಲು, ಹಳಿ ಖಾಲಿ ಇದ್ದಾಗ, ಹತ್ತು ನಿಮಿಷ ಹಿಡಿಯುತ್ತದೆ. 600 ಭಾಗಿಸು 67, ಸುಮಾರು 9. ಒಂದೆರಡು ಹೆಚ್ಚು ಇರಲಿ ಅಂದರೂ 11. ಉಳಿದ ಐದು ರೈಲು ಸಾಲಿನಲ್ಲಿ ನಿಲ್ಲುವುದಕ್ಕೆ ಮಾತ್ರ ಇದ್ದವು. ರೈಲು ಕಡಿಮೆ ಅಂತ ಅನಿಸಿದ್ದು ಸಾಲಿನ ಕಾರಣಕ್ಕೆ, ಸಾಲು ಬೆಳೆದದ್ದು ರೈಲು ಸೇರಿಸಿದ್ದಕ್ಕೆ. ಐದನ್ನು ಎತ್ತಿ ಪೆಟ್ಟಿಗೆಗೆ ಹಾಕಿದೆ.

ಹಂತ 6: ಕಾಯುವ ಹಳಿ

ಇಳಿಸುವ ಸ್ಟೇಷನ್ ಮುಂದೆ ಕಾಯುವ ಜಾಗವೇ ಇರಲಿಲ್ಲ. ಪ್ಲಾಟ್‌ಫಾರ್ಮ್ ತುಂಬಿದ ಕೂಡಲೇ ಐದನೇ ರೈಲು ಮುಖ್ಯ ಹಳಿಯ ಮೇಲೇ ನಿಲ್ಲುತ್ತಿತ್ತು. ಮೂಲ ತೊಂದರೆ ಇದೇ. ಜಂಕ್ಷನ್‌ನಿಂದ ಸ್ಟೇಷನ್‌ವರೆಗಿನ ಹಳಿಯಲ್ಲಿ ಮೂರು ರೈಲು ಹಿಡಿಯುತ್ತಿತ್ತು, ನಾಲ್ಕನೆಯದು ಜಂಕ್ಷನ್‌ಗೆ ಬೀಳುತ್ತಿತ್ತು.

ಪಕ್ಕಕ್ಕೆ ನಾಲ್ಕು ಸಮಾನಾಂತರ ಹಳಿ ಹಾಕಿದೆ, ಪ್ರತಿಯೊಂದೂ 36 ಟೈಲ್. ಆಡುವವರು ಇದನ್ನು ಸ್ಟ್ಯಾಕರ್ ಅನ್ನುತ್ತಾರೆ. ಸಿಗ್ನಲ್ ಕ್ರಮ ಹೀಗೆ:

ಮುಖ್ಯ ಹಳಿಯಿಂದ ಕವಲೊಡೆಯುವ ಮುಂಚೆ ಚೈನ್.
ಪ್ರತಿ ಕಾಯುವ ಹಳಿಯ ಶುರುವಿಗೆ ರೈಲ್ ಸಿಗ್ನಲ್.
ಪ್ರತಿ ಕಾಯುವ ಹಳಿಯ ಕೊನೆಗೆ ಚೈನ್.
ಪ್ರತಿ ಪ್ಲಾಟ್‌ಫಾರ್ಮ್ ಬಾಯಿಗೆ ರೈಲ್ ಸಿಗ್ನಲ್.

ಕಾಯುವ ಹಳಿಯ ಕೊನೆಗೆ ಚೈನ್ ಬದಲು ರೈಲ್ ಸಿಗ್ನಲ್ ಇಟ್ಟರೆ, ರೈಲು ಮುಂದೆ ಬಂದು ನಾಲ್ಕು ಹಳಿ ಕೂಡುವ ಜಾಗದಲ್ಲಿ ನಿಂತು ಉಳಿದ ಮೂರನ್ನೂ ತಡೆಯುತ್ತದೆ. ಸ್ಟ್ಯಾಕರ್ ಇದ್ದೂ ಇಲ್ಲದ ಹಾಗೆ. ಕೊನೆಯ ಚೈನ್ ಕೆಲವೊಮ್ಮೆ ನೀಲಿ ತೋರಿಸುತ್ತದೆ, ಗಾಬರಿ ಬೇಡ. ಮುಂದಿನ ದಾರಿಗಳಲ್ಲಿ ಕೆಲವು ತೆರೆದಿವೆ, ಕೆಲವು ಮುಚ್ಚಿವೆ ಎಂದರ್ಥ, ಅಷ್ಟೆ.

ಇದಾದ ಮೇಲೆ ಮುಖ್ಯ ಹಳಿ ಮೊದಲ ಸಲ ಖಾಲಿ ಕಂಡಿತು. ಆದರೆ ಸ್ಟ್ಯಾಕರ್ ಎಷ್ಟು ದೊಡ್ಡದು ಮಾಡಿದರೂ ಹೆಚ್ಚು ರೈಲು ಕಳಿಸಿದರೆ ತುಂಬಿಯೇ ತುಂಬುತ್ತದೆ, ಅಲ್ವಾ? ಹಾಗಾಗಿ ಕಳಿಸುವುದಕ್ಕೇ ಮಿತಿ ಹಾಕಬೇಕು.

ಹಂತ 7: ರೈಲು ಲಿಮಿಟ್

ಒಂದು ಸಲಕ್ಕೆ ಎಷ್ಟು ರೈಲು ಬರಬಹುದು ಅಂತ ಸ್ಟೇಷನ್‌ಗೆ ಮಿತಿ ಹಾಕುವ ರೈಲು ಲಿಮಿಟ್ ಅನ್ನುವ ಸೌಲಭ್ಯ 2020ರ ನವೆಂಬರ್‌ನಲ್ಲಿ 1.1 ಜೊತೆ ಬಂತು. ಅದಕ್ಕೂ ಮೊದಲು ಸರ್ಕ್ಯೂಟ್‌ನಿಂದ (ವೈರ್‌ನಲ್ಲಿ ಸಂಖ್ಯೆ ಕಳಿಸಿ ಯಂತ್ರ ನಡೆಸುವ ಏರ್ಪಾಡು) ಸ್ಟೇಷನ್ನನ್ನೇ ಆನ್ ಆಫ್ ಮಾಡುವ ಪದ್ಧತಿ ಇತ್ತು. ಸ್ಟೇಷನ್ ಆನ್ ಆದ ಕೂಡಲೇ ಕಾಯುತ್ತಿದ್ದ ರೈಲುಗಳೆಲ್ಲ ಒಟ್ಟಿಗೆ ನುಗ್ಗುತ್ತಿದ್ದವು, ಮೊದಲನೆಯದು ತುಂಬಿಕೊಂಡು ಸ್ಟೇಷನ್ ಆಫ್ ಆದರೆ ಉಳಿದವು ದಾರಿಯಲ್ಲೇ ಗುರಿ ಕಳೆದುಕೊಳ್ಳುತ್ತಿದ್ದವು. ನನ್ನ ಒಂದು ಹಳೆಯ ಗಣಿಯಲ್ಲಿ ಆ ವೈರಿಂಗ್ ಇನ್ನೂ ಇತ್ತು. ತೆಗೆದೆ. ಲಿಮಿಟ್‌ನಲ್ಲಿ ಈ ತಾಪತ್ರಯವಿಲ್ಲ. ಹೊರಟ ರೈಲು ತನ್ನ ಜಾಗ ಕಾದಿರಿಸಿಕೊಂಡೇ ಹೊರಡುತ್ತದೆ. ಆಮೇಲೆ ಲಿಮಿಟ್ ಇಳಿದರೂ ಹೊರಟದ್ದು ಬಂದೇ ಬರುತ್ತದೆ.

ಇಳಿಸುವ ನಾಲ್ಕು ಪ್ಲಾಟ್‌ಫಾರ್ಮ್‌ಗೆ ಒಂದೇ ಹೆಸರು, ಲಿಮಿಟ್ 2. ಒಟ್ಟು 8: ನಾಲ್ಕು ಪ್ಲಾಟ್‌ಫಾರ್ಮ್‌ನಲ್ಲಿ, ನಾಲ್ಕು ಸ್ಟ್ಯಾಕರ್‌ನಲ್ಲಿ. ಗಣಿಗಳಿಗೂ ಲಿಮಿಟ್ 2, ಒಟ್ಟು 6. ಲಿಮಿಟ್ 2 ಅಂದ ಮೇಲೆ ಎರಡನೇ ರೈಲು ನಿಲ್ಲಲು ಪ್ರತಿ ಗಣಿಯ ಮುಂದೆಯೂ ಒಂದು 36 ಟೈಲ್ ಹಳಿ ಇರಲೇಬೇಕು. ಸಂಖ್ಯೆ ಮಾತ್ರ ಬದಲಿಸಿ ಹಳಿ ಹಾಕದಿದ್ದರೆ ಮತ್ತೆ ಮುಖ್ಯ ಹಳಿಯಲ್ಲೇ ಕಾಯುವುದು ಶುರು.

8 ಮತ್ತು 6 ಸೇರಿ 14. ರೈಲು 13ಕ್ಕಿಂತ ಜಾಸ್ತಿ ಇರಬಾರದು. 14 ಇದ್ದರೆ ಎಂದೋ ಒಂದು ದಿನ ಗಣಿಯ ಆರೂ ಜಾಗ ತುಂಬಿ, ಇಳಿಸುವ ಎಂಟೂ ಜಾಗ ತುಂಬಿ, ಯಾವುದಕ್ಕೂ ಹೋಗಲು ಜಾಗವಿರುವುದಿಲ್ಲ. ಹಳಿ ಪೂರ್ತಿ ಖಾಲಿ, ಸಿಗ್ನಲ್ ಎಲ್ಲ ಹಸಿರು, ರೈಲು ಮಾತ್ರ ಒಂದೂ ಓಡುವುದಿಲ್ಲ. 11 ಇಟ್ಟಿರುವುದರಿಂದ ಆ ಭಯವಿಲ್ಲ.

ಹಂತ 8: ಗಣಿಯ ಲಿಮಿಟ್ ಸರ್ಕ್ಯೂಟ್‌ಗೆ

ಅದಿರು ಇಲ್ಲದ ಗಣಿಗೆ ರೈಲು ಹೋಗಿ ಅರ್ಧ ತುಂಬಿ ಕೂರುವುದು ಇನ್ನೊಂದು ಪೀಡೆ. ಅದಕ್ಕೆ ಪೆಟ್ಟಿಗೆಯಲ್ಲಿರುವ ಅದಿರನ್ನು 8000ದಿಂದ ಭಾಗಿಸಿ ಬಂದದ್ದನ್ನು ಲಿಮಿಟ್ ಮಾಡಿದೆ. ಪೆಟ್ಟಿಗೆಗಳನ್ನೆಲ್ಲ ಕೆಂಪು ವೈರ್‌ನಿಂದ ಜೋಡಿಸಿ ಅರಿತ್ಮೆಟಿಕ್ ಕಾಂಬಿನೇಟರ್‌ಗೆ (ಲೆಕ್ಕ ಮಾಡುವ ಯಂತ್ರ), ಅಲ್ಲಿಂದ ಉತ್ತರ L ಅನ್ನುವ ಸಂಕೇತವಾಗಿ ಸ್ಟೇಷನ್‌ಗೆ. L ಅಲ್ಲದ ಬೇರೆ ಅಕ್ಷರವಾದರೂ ನಡೆಯುತ್ತದೆ, ಸ್ಟೇಷನ್‌ನಲ್ಲಿ ಅದೇ ಆರಿಸಿದರಾಯಿತು. ಭಾಗಾಕಾರದಲ್ಲಿ ಶೇಷ ಬಿಟ್ಟುಹೋಗುತ್ತದೆ. 7999 ಇದ್ದರೆ ಲಿಮಿಟ್ 0.

ಮೊದಲ ಪ್ರಯತ್ನ ಕೆಟ್ಟದಾಗಿ ಸೋತಿತು. ನಾಲ್ಕು ಬೋಗಿಯ ಒಂದು ಪಕ್ಕಕ್ಕೆ ಆರಾರು, ಒಟ್ಟು 24 ಉಕ್ಕಿನ ಪೆಟ್ಟಿಗೆ. ಒಂದೊಂದರಲ್ಲಿ 48 ಖಾನೆ, 2400 ಅದಿರು. ಎಲ್ಲ ತುಂಬಿದರೆ 57,600. ಭಾಗಿಸಿದರೆ 7. ತುಂಬಿದ ಗಣಿ ಒಂದೇ ಏಳು ರೈಲು ಕರೆಯಿತು, ನಿಲ್ಲಲು ಇರುವುದು ಎರಡೇ ಜಾಗ. ಇದನ್ನು ತಡೆಯಲು ಇನ್ನೊಂದು ಕಾಂಬಿನೇಟರ್ ಬೇಕಿಲ್ಲ. ಪೆಟ್ಟಿಗೆಯಲ್ಲಿ ಕೆಂಪು ಗೆರೆ ಎಳೆದು 14 ಖಾನೆ ಮಾತ್ರ ತೆರೆದಿಟ್ಟೆ. ಪೆಟ್ಟಿಗೆಗೆ 700, ಒಟ್ಟು 16,800. ಭಾಗಿಸಿದರೆ 2, ಅದಕ್ಕಿಂತ ಮೇಲೆ ಹೋಗುವುದೇ ಇಲ್ಲ. ಹೊಸ ಗಣಿ ಶುರು ಮಾಡುವಾಗ ಪೆಟ್ಟಿಗೆ ತುಂಬುವವರೆಗೆ ಕಾಯುವ ಹೊತ್ತೂ ಉಳಿಯಿತು.

ಎರಡನೇ ತೊಂದರೆ ಸ್ವಲ್ಪ ತಡವಾಗಿ ಕಂಡಿತು. ಬೆಲ್ಟ್ ಮೊದಲು ಸಿಗುವ ಪೆಟ್ಟಿಗೆಗಳು ಬೇಗ ತುಂಬುತ್ತವೆ, ಕೊನೆಯವು ಖಾಲಿ. ಒಟ್ಟು 8000 ದಾಟಿದೆ, ರೈಲು ಬಂತು, ಮೂರು ಬೋಗಿ ಬೇಗ ತುಂಬಿದವು, ನಾಲ್ಕನೆಯದಕ್ಕೆ ಅದಿರು ತೊಟ್ಟಿಕ್ಕುತ್ತಾ ಇತ್ತು. ‘ಪೂರ್ತಿ ತುಂಬಿದ ಮೇಲೆ ಹೊರಡು’ ಅನ್ನುವ ಷರತ್ತು ಇರುವುದರಿಂದ ರೈಲು ಅಲ್ಲೇ ಕೂತಿತು.

ಇದಕ್ಕೆ ಹಳೆಯ ಒಂದು ವೈರಿಂಗ್ ಇದೆ, ಆಡುವವರಲ್ಲಿ ಬಹಳ ಜನಕ್ಕೆ ಗೊತ್ತು. ಒಟ್ಟು ಅದಿರನ್ನು -24ರಿಂದ ಭಾಗಿಸಿ. ಬರುವುದು ಸರಾಸರಿ, ಋಣ ಸಂಖ್ಯೆಯಲ್ಲಿ. ಅದನ್ನು ಕೆಂಪು ವೈರ್‌ನಲ್ಲಿ ಬೆಲ್ಟ್‌ನಿಂದ ಎತ್ತಿ ಪೆಟ್ಟಿಗೆಗೆ ಹಾಕುವ ಯಂತ್ರದ ಕೈಗಳಾದ ಎಲ್ಲ ಇನ್ಸರ್ಟರ್‌ಗಳಿಗೆ ಕೊಡಿ. ಪ್ರತಿ ಇನ್ಸರ್ಟರ್‌ಗೆ ಅದರ ಸ್ವಂತ ಪೆಟ್ಟಿಗೆಯಿಂದ ಹಸಿರು ವೈರ್. ಎರಡೂ ಸೇರಿ ಅದಿರು 0 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಇನ್ಸರ್ಟರ್ ಓಡಲಿ. ಸರಾಸರಿಗಿಂತ ಮುಂದೆ ಹೋದ ಪೆಟ್ಟಿಗೆ ಕಾಯುತ್ತದೆ, ಹಿಂದೆ ಬಿದ್ದದ್ದು ತುಂಬುತ್ತದೆ. ಹಸಿರು ವೈರ್ ಪಕ್ಕದ ಪೆಟ್ಟಿಗೆಗೆ ತಾಗದಂತೆ ನೋಡಿಕೊಳ್ಳಿ. ಕಾಂಬಿನೇಟರ್‌ನ ಒಳಬರುವ ಕೆಂಪು ವೈರ್ ಮತ್ತು ಹೊರಹೋಗುವ ಕೆಂಪು ವೈರ್ ಎಲ್ಲೂ ಒಂದಾಗಬಾರದು. ಒಂದಾದರೆ ಲೆಕ್ಕ ತನ್ನನ್ನೇ ತಾನು ತಿನ್ನತೊಡಗುತ್ತದೆ.

ಇಳಿಸುವ ಕಡೆ ಸರ್ಕ್ಯೂಟ್ ಹಾಕಲಿಲ್ಲ. ತುಂಬಿದ ರೈಲು ಅಲ್ಲಿ ನಿಂತಿದ್ದರೆ ನಷ್ಟವಿಲ್ಲ, ಅದೇ ಒಂದು ಗೋದಾಮು.

ಹಂತ 9: ದೂರದ ಗಣಿ, ಡಿಪೋ, ಇಂಧನ

ಮೂರೂ ಗಣಿಗೆ ಒಂದೇ ಹೆಸರಿದ್ದರೆ ರೈಲು ಹತ್ತಿರದ್ದನ್ನೇ ಆರಿಸುತ್ತದೆ. ದೂರದ ಗಣಿ ತುಂಬಿ ಕೂತಿರುತ್ತದೆ, ಹತ್ತಿರದ್ದು ಬೇಗ ಬರಿದಾಗುತ್ತದೆ. 2.0ದಲ್ಲಿ ಸ್ಟೇಷನ್‌ಗೆ ಆದ್ಯತೆ ಕೊಡಬಹುದು. ಸುಮ್ಮನಿದ್ದರೆ 50. ದೂರದ್ದಕ್ಕೆ 60 ಕೊಟ್ಟೆ. ಈಗ ಅಲ್ಲಿ ಒಂದು ರೈಲಿನಷ್ಟು ಅದಿರು ಇದ್ದರೆ ಮೊದಲು ಅಲ್ಲಿಗೇ ಹೋಗುತ್ತವೆ.

ಡಿಪೋ, ಅಂದರೆ ಕೆಲಸವಿಲ್ಲದ ರೈಲು ನಿಲ್ಲುವ ಸ್ಟೇಷನ್, ಬೇಕಾದದ್ದು ಇನ್ನೊಂದು ಕಾರಣಕ್ಕೆ. ಮೂರೂ ಗಣಿಯ ಲಿಮಿಟ್ 0 ಆದಾಗ ಇಳಿಸಿ ಖಾಲಿಯಾದ ರೈಲಿಗೆ ಹೋಗಲು ಜಾಗವಿಲ್ಲ. ಅದು ಪ್ಲಾಟ್‌ಫಾರ್ಮ್ ಹಿಡಿದು ಕೂರುತ್ತದೆ, ಹಿಂದೆ ತುಂಬಿದ ರೈಲು ಕಾಯುತ್ತಿದ್ದರೂ. 2.0ದ ಇಂಟರಪ್ಟ್‌ನಲ್ಲಿ (ಷರತ್ತು ಕೂಡಿಬಂದರೆ ವೇಳಾಪಟ್ಟಿಯ ನಡುವೆ ರೈಲನ್ನು ಬೇರೆ ಕಡೆ ಕಳಿಸುವ ಸೌಲಭ್ಯ) ‘ಗುರಿ ತುಂಬಿದೆ ಅಥವಾ ದಾರಿ ಇಲ್ಲ’ ಅನ್ನುವ ಷರತ್ತು ಇದೆ. ಅದಾದರೆ ಡಿಪೋಗೆ ಹೋಗು ಅಂತ ಇಟ್ಟೆ.

ಇಟ್ಟ ಸ್ವಲ್ಪ ಹೊತ್ತಿಗೆ ಡಿಪೋ ತುಂಬಾ ಅದಿರು ತುಂಬಿದ ರೈಲುಗಳು. ಇಳಿಸುವ ಸ್ಟೇಷನ್ ತುಂಬಿದ್ದಾಗ ಗಣಿಯಿಂದ ಹೊರಡುವ ರೈಲಿಗೂ ಅದೇ ಷರತ್ತು ಅನ್ವಯಿಸುತ್ತದೆ! ಖಾಲಿ ರೈಲಿಗೆ ಡಿಪೋದಲ್ಲಿ ಜಾಗವೇ ಉಳಿಯಲಿಲ್ಲ. ಇಂಟರಪ್ಟ್‌ಗೆ ‘ಸರಕು ಖಾಲಿ’ ಅನ್ನುವ ಎರಡನೇ ಷರತ್ತು ಸೇರಿಸಿದ ಮೇಲೆ ಸರಿಹೋಯಿತು. ತುಂಬಿದ್ದು ಗಣಿಯಲ್ಲೇ ಕಾಯುತ್ತದೆ, ಖಾಲಿಯಾದದ್ದು ಡಿಪೋಗೆ ಹೋಗುತ್ತದೆ. 11 ರೈಲೂ ಒಂದೇ ವೇಳಾಪಟ್ಟಿ ಹಂಚಿಕೊಳ್ಳುವ ಒಂದೇ ಗುಂಪಿನಲ್ಲಿ ಇರುವುದರಿಂದ ಒಂದರಲ್ಲಿ ಬದಲಿಸಿದ್ದೇ ಎಲ್ಲಕ್ಕೂ ಬಂತು. 1.1ರಲ್ಲಿ ಹೊಸ ವೇಳಾಪಟ್ಟಿಯನ್ನು ಒಂದೊಂದು ಇಂಜಿನ್‌ಗೂ ನಕಲು ಮಾಡುತ್ತಿದ್ದದ್ದು ನೆನೆದರೆ ಈ ಒಂದು ಸೌಲಭ್ಯಕ್ಕೇ 2.0ಗೆ ಬರಬಹುದು.

ಡಿಪೋವನ್ನು ಮುಖ್ಯ ಹಳಿಯ ಮೇಲೆ ಇಡಬೇಡಿ. ಸ್ಟೇಷನ್ ಕಂಬ ಇರುವ ಹಳಿಯನ್ನು ದಾಟಿಹೋಗುವ ದಾರಿಗೆ 2000 ಟೈಲ್ ದಂಡ ಬೀಳುತ್ತದೆ. ಬೇರೆ ರೈಲುಗಳು ಅದನ್ನು ತಪ್ಪಿಸಲು ಊರೆಲ್ಲ ಸುತ್ತಿ ಹೋಗುತ್ತವೆ.

ಇಂಧನಕ್ಕೂ ಒಂದು ಇಂಟರಪ್ಟ್: ಯಾವುದೇ ಇಂಜಿನ್‌ನಲ್ಲಿ ಇಂಧನ ಇಳಿದರೆ ಇಂಧನದ ಸ್ಟೇಷನ್‌ಗೆ. ಆ ಸ್ಟೇಷನ್ ಡಿಪೋ ಪಕ್ಕದಲ್ಲೇ, ಲಿಮಿಟ್ 1.

ಈಗಿನ ಸ್ಥಿತಿ

ಕಬ್ಬಿಣದ ನಾಲ್ಕೂ ಬೆಲ್ಟ್ ತುಂಬಿ ಹರಿಯುತ್ತಿವೆ, 11 ರೈಲಿನಲ್ಲಿ ಸಾಮಾನ್ಯವಾಗಿ ಒಂದೆರಡು ಸ್ಟ್ಯಾಕರ್‌ನಲ್ಲಿ ಕಾಯುತ್ತಿರುತ್ತವೆ. ಜಂಕ್ಷನ್ ಮುಂದೆ ರೈಲು ನಿಲ್ಲುವುದು ಇನ್ನೊಂದು ರೈಲು ಅಡ್ಡ ದಾಟುವ ಹೊತ್ತು ಮಾತ್ರ.

ಬಾಕಿ ಇರುವುದು ತಾಮ್ರ. ಅದಕ್ಕಿನ್ನೂ ಲಿಮಿಟ್ ಇಲ್ಲ, ಸ್ಟ್ಯಾಕರ್ ಇಲ್ಲ. ತಾಮ್ರದ ಇಳಿಸುವ ಸ್ಟೇಷನ್ ಪಕ್ಕ ಬಂಡೆ ಮತ್ತು ನೀರು ಇದೆ, 36 ಟೈಲ್‌ನ ನಾಲ್ಕು ಹಳಿ ಹಿಡಿಯುವುದಿಲ್ಲ. ನೀರು ಮುಚ್ಚಲು ಲ್ಯಾಂಡ್‌ಫಿಲ್ ತಯಾರಾಗುತ್ತಿದೆ. ಅಲ್ಲಿಯವರೆಗೆ ತಾಮ್ರದ ಪ್ಲಾಟ್‌ಫಾರ್ಮ್‌ಗಳಿಗೆ ಲಿಮಿಟ್ 1 ಹಾಕಿ, ರೈಲುಗಳನ್ನು ಗಣಿಯಲ್ಲೇ ಕಾಯಿಸುವುದು.